ತುರುಬು ಕಟ್ಟಿದವಳು

ಎಷ್ಟು ಸಲ ಬಿಚ್ಚಿ ಕಟ್ಟಿದರೂ ತುರುಬು ಒಂದು ಕಡೆಗೆ ವಾಲುತ್ತಲೇ ಇತ್ತು. ಬರ್ನೀಟಾ ಕನ್ನಡಿಯೊಳಗಿನ ಹೆಂಗಸನ್ನು ಗದರುವಂತೆ ನೋಡಿದಳು. ಇವತ್ತು ಯಾರೂ ನಿನ್ನ ತುರುಬು ನೋಡುವುದಕ್ಕೆ ಬರುವುದಿಲ್ಲ, ಸಿನಿಮಾ ನೋಡುವುದಕ್ಕೆ ಬರುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಮತ್ತೆ ಬಿಚ್ಚಿದಳು. ಕೂದಲು ಮೊದಲಿನಷ್ಟಿಲ್ಲ. ಹೈಸ್ಕೂಲಿನಲ್ಲಿದ್ದಾಗ ಎರಡು ಕೈಯಲ್ಲಿ ಹಿಡಿದು ಮಡಚಬೇಕಾಗಿದ್ದದ್ದು ಈಗ ಒಂದು ಮುಷ್ಟಿಯೊಳಗೆ ಅಡಗುತ್ತದೆ. ಮಡಚಿ, ನಡುವಿಗೆ ಬಿಳಿ ಉಣ್ಣೆಯ ನೂಲು ಸುತ್ತಿ ಎಳೆದು ಬಿಗಿದರೆ ನಮ್ಮವರ ತುರುಬು. ಯೋಚನೆಗಳೆಲ್ಲ ಕೂದಲಲ್ಲಿರುತ್ತವೆ, ಕಟ್ಟದೆ ಬಿಟ್ಟರೆ ಚೆದುರಿಹೋಗುತ್ತವೆ ಎಂದು ಅಜ್ಜಿ ಹೇಳುತ್ತಿದ್ದಳು. ಕಟ್ಟಿಯೂ ಚೆದುರಿದರೆ ಏನು ಮಾಡಬೇಕೆಂದು ಮಾತ್ರ ಹೇಳಿಕೊಡಲಿಲ್ಲ. ಹೊರಗಿನ ಕೋಣೆಯಿಂದ ಅವ್ವ ಕೂಗಿದಳು: “ಏನೇ ಅದು, ಮದುವೆಗೆ ಹೊರಟಿದೀಯಾ? ಬೇಗ ಬಾರೇ, ಮುಂದಿನ ಕುರ್ಚಿ ಹೋಗ್ಬಿಡ್ತವೆ.” “ಮುಂದಿನ ಕುರ್ಚಿ ನಮ್ಮ ತಂಡಕ್ಕೇ ಇಟ್ಟಿರ್ತಾರೆ ಅವ್ವಾ.” “ಇಟ್ಟಿರ್ತಾರೆ, ಇಟ್ಟಿರ್ತಾರೆ. ಷಾರ್ಲೀನ್‌ಗೆ ಇಟ್ಟಿರ್ತಾರೆ.” ಅವ್ವನಿಗೆ ಎಂಬತ್ತು ದಾಟಿದೆ, ಕಣ್ಣು ಮಂಜಾಗಿದೆ, ಆದರೆ ಎಲ್ಲಿ ಚುಚ್ಚಿದರೆ ನೋಯುತ್ತದೆ ಎನ್ನುವುದು ಇನ್ನೂ ಚೆನ್ನಾಗಿ ಕಾಣುತ್ತದೆ. ಬರ್ನೀಟಾ ವಾಲಿದ ತುರುಬನ್ನು ಹಾಗೆಯೇ ಬಿಟ್ಟು, ಕಾರಿನ ಬೀಗದ ಕೈ ಹುಡುಕಿದಳು.

ಸಿನಿಮಾ ಎಂದರೆ ಅವರದೇ ಸಿನಿಮಾ. ಬರ್ನೀಟಾ, ಷಾರ್ಲೀನ್ ಮತ್ತು ಉಳಿದ ಹುಡುಗಿಯರು ಅಮೆರಿಕದ ನವಾಹೊ ಬುಡಕಟ್ಟಿನ ನೆಲದ ಈ ಮೂಲೆಯ ಹೈಸ್ಕೂಲಿನಿಂದ ಹೋಗಿ, ಪಟ್ಟಣದ ದೊಡ್ಡ ದೊಡ್ಡ ಶಾಲೆಗಳನ್ನು ಮಣ್ಣು ಮುಕ್ಕಿಸಿ, ರಾಜ್ಯದ ಬ್ಯಾಸ್ಕೆಟ್‌ಬಾಲ್ ಕಪ್ ಗೆದ್ದು ತಂದಿದ್ದರು. ಆ ಮೇಲೆ ಹುಟ್ಟಿದ ಮಕ್ಕಳಿಗೂ ಈಗ ಮಕ್ಕಳಾಗಿವೆ. ಊರು ಮಾತ್ರ ಆ ಆಟವನ್ನು ಬಿಟ್ಟಿಲ್ಲ. ಶಾಲೆಯ ಬಾಗಿಲಲ್ಲೇ ಗಾಜಿನ ಕಪಾಟು, ಅದರೊಳಗೆ ಕಪ್, ಕಪ್ಪಿನ ಹಿಂದೆ ಪತ್ರಿಕೆಯಲ್ಲಿ ಬಂದಿದ್ದ ಫೋಟೋ. ಬರ್ನೀಟಾ ಅದೇ ಶಾಲೆಯ ಹಾಜರಿ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ, ಬರದ ಮಕ್ಕಳ ಮನೆಗೆ ಫೋನು ಮಾಡಿ ಯಾಕೆ ಬರಲಿಲ್ಲ ಎಂದು ಕೇಳುವುದು ಅವಳ ಕೆಲಸ. ದಿನವೂ ಆ ಕಪಾಟು ದಾಟಿಕೊಂಡೇ ಹೋಗಬೇಕು. ಫೋಟೋದಲ್ಲಿ ಷಾರ್ಲೀನ್ ಎಲ್ಲರ ಹೆಗಲ ಮೇಲಿದ್ದಾಳೆ. ಅಂಚಿನಲ್ಲೊಬ್ಬಳ ಕೂದಲು ಬಿಚ್ಚಿ ಮುಖದ ತುಂಬ ಬಿದ್ದಿದೆ. ಒಂದು ಕಿವಿ ಮಾತ್ರ ಕಾಣುತ್ತದೆ. ಹೊಸ ಮೇಷ್ಟರೊಬ್ಬ ಒಮ್ಮೆ ಬೆರಳಿಟ್ಟು ಕೇಳಿದ್ದ, ಈ ದೆವ್ವ ಯಾರು ಅಂತ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು. ಆ ಕಿವಿ ತನ್ನದು ಎಂದು ಹೇಳುವುದಕ್ಕೆ ನಾಲಗೆ ಏಳಲಿಲ್ಲ. ನಮ್ಮಲ್ಲಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವವಳನ್ನು ಕೆಲಸವಿಲ್ಲದವಳು ಎನ್ನುತ್ತಾರೆ.

ಶಾಲೆಯ ಒಳಾಂಗಣ ಆಟದ ಅಂಗಳ ಆಗಲೇ ಅರ್ಧ ತುಂಬಿತ್ತು. ಅಂಗಳದ ಒಂದು ತುದಿಗೆ ಬಾಸ್ಕೆಟ್ ಮರೆಯಾಗುವಂತೆ ದೊಡ್ಡ ಬಿಳಿ ತೆರೆ ಕಟ್ಟಿದ್ದರು. ಬಾಗಿಲಲ್ಲಿ ಲೀರಾಯ್ ಮೈಕು ಹಿಡಿದು ನಿಂತಿದ್ದ. ಊರಿನ ಎಲ್ಲ ಆಟಕ್ಕೂ ಅವನದೇ ಗಂಟಲು, ಆಟವಿಲ್ಲದಾಗಲೂ ಅದು ನಿಲ್ಲುವುದಿಲ್ಲ. “ಬಂದರಪ್ಪಾ ಬಂದರು, ಸಿನಿಮಾ ತಾರೆ ಬರ್ನೀಟಾ! ಹಸ್ತಾಕ್ಷರ ಬೇಕಾದವರು ಸಾಲಲ್ಲಿ ಬನ್ನಿ, ಅವ್ವನ ಹಸ್ತಾಕ್ಷರಕ್ಕೆ ಮಾತ್ರ ಒಂದು ಕುರಿ!” ಜನ ನಕ್ಕರು. ಅವ್ವ ಕೈಕೋಲು ಎತ್ತಿ ಅವನಿಗೆ ತೋರಿಸಿದಳು. ಬರ್ನೀಟಾಳ ಕಿವಿ ಬಿಸಿಯಾಯಿತು. ತಮಾಷೆಯೇ, ಆದರೆ ಆ ತಮಾಷೆಯ ಒಂದು ಎಳೆಯನ್ನು ಅವಳ ಮನಸ್ಸು ಹಿಡಿದುಕೊಂಡು ಬಿಡಲಿಲ್ಲ. ಈವರೆಗೆ ಈ ಸಿನಿಮಾ ನೋಡಿದವರು ಯಾರೂ ಊರಲ್ಲಿಲ್ಲ. ತೆರೆಯ ಮೇಲೆ ಏನಿದೆಯೋ ಯಾರಿಗೆ ಗೊತ್ತು? ಒಂದು ವೇಳೆ ಇದ್ದರೆ? ಆ ಒಂದು ಗಳಿಗೆ, ಅವಳ ಕೈ, ಆ ನೂಲು, ಅಷ್ಟು ಮಾತ್ರ ಇದ್ದರೆ ಸಾಕಿತ್ತು. ಬೇರೆ ಯಾವ ಹುಡುಗಿಯ ಕೈಯಾದರೂ ಸರಿ, ಅದು ಬರ್ನೀಟಾಳ ಕೈ ಎಂದು ಊರಿಗೆ ತಿಳಿದರೆ ಸಾಕು. ನಾಳೆಯಿಂದ ಆ ಕಪಾಟಿನ ಮುಂದೆ ತಲೆ ಎತ್ತಿಕೊಂಡು ಹೋಗಬಹುದು.

ಷಾರ್ಲೀನ್ ಬಂದದ್ದು ಸಿನಿಮಾ ಕಂಪನಿಯ ವ್ಯಾನಿನಲ್ಲಿ. ಎದೆಯ ತುಂಬ ನೀಲಿ ಹರಳಿನ ಸರ, ಮೊಣಕಾಲಿನವರೆಗೆ ಮಖಮಲ್ಲಿನ ಅಂಗಿ. ಫೀನಿಕ್ಸ್ ನಗರದಲ್ಲಿ ಇಪ್ಪತ್ತು ವರ್ಷದಿಂದ ಇದ್ದರೂ ಊರಿಗೆ ಬರುವಾಗ ಊರಿನವರಿಗಿಂತ ಹೆಚ್ಚು ಊರಿನವಳ ಹಾಗೆ ಉಟ್ಟು ಬರುತ್ತಾಳೆ. ಅವಳ ಅಪ್ಪ ಬರ್ನೀಟಾಳ ಬಳಿಯವನು, ಅಂದರೆ ಒಂದೇ ಕುಲದವನು. ನಮ್ಮಲ್ಲಿ ಬಳಿ ತಾಯಿಯಿಂದ ಬರುತ್ತದೆ. ಅವ್ವನ ಬಳಿಯ ಗಂಡಸರೆಲ್ಲ ಸೋದರಮಾವಂದಿರು. ಹಾಗಾಗಿ ಷಾರ್ಲೀನ್ ಮಾವನ ಮಗಳು, ಒಬ್ಬರನ್ನೊಬ್ಬರು ರೇಗಿಸಿಕೊಳ್ಳುವ ಹಕ್ಕಿರುವ ಸಂಬಂಧ. “ಏನೇ, ಮಾವನ ಮಗಳನ್ನ ಮಾತಾಡಿಸೋದೂ ಬೇಡ್ವಾ?” ಎಂದು ಅಪ್ಪಿಕೊಂಡಳು. “ದಪ್ಪ ಆಗಿದೀಯ. ಚೆನ್ನಾಗಿದೀಯ.” “ನೀನು ಒಣಗಿಹೋಗಿದೀಯ. ಫೀನಿಕ್ಸಲ್ಲಿ ಕುರಿಮಾಂಸ ಸಿಗಲ್ವಾ?” “ಸಿಗುತ್ತೆ ಕಣೇ. ಆದ್ರೆ ಅಲ್ಲಿ ಕುರಿಗೆ ತಾನು ಕುರಿ ಅಂತ ಗೊತ್ತಿರಲ್ಲ.” ಸುತ್ತಲಿನವರೆಲ್ಲ ನಕ್ಕರು. ಬರ್ನೀಟಾಳ ಮಾತಿಗೆ ಯಾರೂ ನಕ್ಕಿರಲಿಲ್ಲ. ಮಾತಿನಲ್ಲೂ ಹಾಗೆಯೇ, ಚೆಂಡು ಕೊಟ್ಟದ್ದು ತಾನು, ಬಾಸ್ಕೆಟ್ಟಿಗೆ ಹಾಕಿದ್ದು ಅವಳು. ಷಾರ್ಲೀನಳ ತುರುಬು ಕೂದಲೆಳೆಯಷ್ಟೂ ವಾಲಿರಲಿಲ್ಲ.

ಕಥೆಯನ್ನೆಲ್ಲ ಹೇಳಿದ್ದು ಷಾರ್ಲೀನೇ, ಈ ಕಂಪನಿಯವರಿಗೆ. ಸಿನಿಮಾದವರು ಮೊದಲು ಬಂದದ್ದು ಬರ್ನೀಟಾಳ ಮನೆಗೆ, ಒಂದು ವಸಂತದ ಮಧ್ಯಾಹ್ನ, ಕೆಂಪು ಧೂಳು ಕಿಟಕಿಯ ಸಂದಿಯಲ್ಲೆಲ್ಲ ನುಗ್ಗುತ್ತಿದ್ದಾಗ. ಇಬ್ಬರು ಬಂದಿದ್ದರು, ಮಾತು ಹಿಡಿದಿಡುವ ಯಂತ್ರವನ್ನು ಮೇಜಿನ ಮೇಲಿಟ್ಟು ಕಾಫಿ ಕುಡಿದರು. ಆ ಫೈನಲ್ ದಿನ ನೀವೇನು ಮಾಡಿದಿರಿ ಎಂದು ಕೇಳಿದರು. ನಾನೇನು ಮಾಡಿದೆ, ಬೆಂಚಿನ ಮೇಲೆ ಕೂತಿದ್ದೆ, ಷಾರ್ಲೀನಳನ್ನು ಕೇಳಿ ಎಂದಳು. ಏನೂ ನೆನಪಿಲ್ಲವಾ ಎಂದು ಇನ್ನೊಮ್ಮೆ ಕೇಳಿದರು. ಹಳೇ ಮಾತು ಎಂದಳು. ಎಂದು ಸುಮ್ಮನೆ ಕೂತಳು. ನಮ್ಮಲ್ಲಿ ಸುಮ್ಮನಿರುವುದೆಂದರೆ ಮಾತು ಬರುತ್ತಿದೆ, ತಾಳು ಎಂದರ್ಥ. ಮೊದಲ ಸಲ ಕೇಳಿದಾಗಲೇ ಬಾಯಿ ಬಿಟ್ಟರೆ ಹಗುರ. ಎರಡನೆಯ ಸಲವೂ ಜಾರಿಕೊಳ್ಳಬಹುದು. ನಾಲ್ಕನೆಯ ಸಲ ಕೇಳಿದರೆ ಮುಗಿಯಿತು, ಆಗ ಇದ್ದದ್ದನ್ನು ಇದ್ದಹಾಗೆ ಹೇಳಲೇಬೇಕು, ಸುಳ್ಳಿಗೆ ಜಾಗವಿಲ್ಲ. ಅವಳು ಆ ನಾಲ್ಕನೆಯ ಸಲಕ್ಕೆ ಕಾಯುತ್ತಿದ್ದಳು. ಎಲ್ಲಿಂದ ಶುರುಮಾಡಬೇಕು, ನೂಲಿನಿಂದಲೋ ಕೋಚಿನಿಂದಲೋ ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಅವರು ಯಂತ್ರ ಆರಿಸಿ ಎದ್ದುಬಿಟ್ಟರು. ಥ್ಯಾಂಕ್ಸ್ ಅಂದರು, ಕಾಫಿಗೆ ಥ್ಯಾಂಕ್ಸ್, ಸಮಯಕ್ಕೆ ಥ್ಯಾಂಕ್ಸ್, ಬಾಗಿಲಲ್ಲಿ ಒಂದು, ಕಾರಿನಿಂದ ಒಂದು. ಅದನ್ನು ನಾಲ್ಕಕ್ಕಿಂತ ಹೆಚ್ಚು ಸಲ ಹೇಳಿದರು. ಕೇಳಬೇಕಾದದ್ದನ್ನು ಎರಡೇ ಸಲ ಕೇಳಿದರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡೆಯಲ್ಲೇ ಎಂದು ಅವ್ವ ಬೈದಳು. ಷಾರ್ಲೀನ್ ಪಟ್ಟಣದಲ್ಲಿದ್ದು ಕಲಿತವಳು, ಮೊದಲ ಸಲಕ್ಕೇ ಹೇಳಿಬಿಟ್ಟಳು.

ದೀಪ ಆರಿಸುವ ಮೊದಲು ಕಂಪನಿಯ ಹುಡುಗಿ ಕೆಲ್ಸಿ ಎರಡು ಮಾತಾಡಿದಳು. ಇಂಥ ಕಥೆಯಲ್ಲಿ ಇಷ್ಟು ದಿನ ಒಂದೇ ಥರದ ಮುಖಗಳು ಕಾಣುತ್ತಿದ್ದವು, ಇನ್ನು ಹಾಗಲ್ಲ ಎಂದಳು. “ನೋಡೋ ಪ್ರತಿಯೊಬ್ಬ ಹುಡುಗಿಗೂ ತೆರೆ ಮೇಲೆ ತನ್ನನ್ನ ತಾನು ಕಾಣ್ಬೇಕು. ಅದಕ್ಕೇ ಈ ಸಿನಿಮಾ.” ಎಲ್ಲರೂ ಚಪ್ಪಾಳೆ ತಟ್ಟಿದರು. ಬರ್ನೀಟಾಳೂ ತಟ್ಟಿದಳು, ಎಲ್ಲರಿಗಿಂತ ಒಂದು ಕ್ಷಣ ಹೆಚ್ಚೇ. ಕತ್ತಲಾಯಿತು. ಮೊದಲು ಕಂಡದ್ದು ಊರಿನ ಕೆಂಪು ಬಂಡೆ, ನೀರಿನ ಟ್ಯಾಂಕು, ಬಡಕಲು ನಾಯಿ. “ಅದು ನಮ್ಮ ನಾಯಿ!” ಎಂದು ಯಾರೋ ಕಿರುಚಿದರು, ಇಡೀ ಅಂಗಳ ಕುಣಿಯಿತು. ಬರ್ನೀಟಾಳೂ ಕುರ್ಚಿಯ ತುದಿಗೆ ಸರಿದು ಕೂತಳು, ಸುಳ್ಳೇಕೆ. ಇಷ್ಟು ದೊಡ್ಡದಾಗಿ ಈ ಮಣ್ಣನ್ನು ಯಾರೂ ಯಾವತ್ತೂ ತೋರಿಸಿರಲಿಲ್ಲ. ಆಮೇಲೆ ತಂಡ ಬಂತು. ಷಾರ್ಲೀನ್ ಆಗಿದ್ದವಳು ಕೆನಡಾದ ಯಾವುದೋ ಬುಡಕಟ್ಟಿನ ಚೆಲುವೆ, ನಮ್ಮ ಮಾತನ್ನು ಬಿಸಿ ಆಲೂಗೆಡ್ಡೆ ಬಾಯಲ್ಲಿಟ್ಟುಕೊಂಡಂತೆ ಆಡುತ್ತಿದ್ದಳು. ಅವಳ ಸುತ್ತ ಬಿಳಿಯ ಹುಡುಗಿಯೊಬ್ಬಳು, ಮೆಕ್ಸಿಕೋದವಳೊಬ್ಬಳು, ಕಿವಿಗೆ ಯಂತ್ರ ಹಾಕಿಕೊಂಡವಳೊಬ್ಬಳು. ನಿಜವಾದ ತಂಡದಲ್ಲಿ ಒಬ್ಬರಿಗೊಬ್ಬರು ನೆಂಟರಲ್ಲದವರೇ ಇರಲಿಲ್ಲ. ಬೈಯುವುದಕ್ಕೆ ಕೂಡ ಹೊರಗಿನವಳೊಬ್ಬಳು ಸಿಗುತ್ತಿರಲಿಲ್ಲ. ಹಿಂದಿನಿಂದ ಲೀರಾಯ್ ಪಿಸುಗುಟ್ಟಿದ: “ಈ ಬಿಳಿಯವಳು ನಮ್ಮ ತಂಡಕ್ಕೆ ಯಾವಾಗ ಸೇರಿದ್ಲು?” “ಆಸ್ಪತ್ರೆ ಡಾಕ್ಟರ ಮಗಳಂತೆ ಕಣೋ,” ಎಂದ ಪಕ್ಕದವನು. “ಓಹೋ. ಹಾಗಾದ್ರೆ ಇವಳೊಬ್ಬಳಿಗೆ ಆಸ್ಪತ್ರೇಲಿ ಬೆಳಗಿಂದ ಸಂಜೆ ತನಕ ಕಾಯೋ ಹಂಗಿಲ್ಲ.” ನಗು. ಬರ್ನೀಟಾ ನಗಲಿಲ್ಲ. ಪ್ರತಿ ಮುಖ ಬಂದಾಗಲೂ ಇದೇನಾ, ಇವಳೇನಾ ಎಂದು ಹುಡುಕುತ್ತಿದ್ದಳು. ಷಾರ್ಲೀನಳ ಗೆಳತಿಯಾಗಿ ಬಂದವಳು ಲಾಸ್ ಏಂಜಲೀಸಿನಿಂದ ಹೊಸದಾಗಿ ಬಂದ ಕಪ್ಪು ಹುಡುಗಿ. ಅಳುಬುರುಕಿ, ದಾರಿ ತಪ್ಪಿದವಳು, ಕುರಿ ಕಂಡರೆ ಹೆದರುವವಳು. ಹಾಗಾದರೆ ಇದು ನಾನು, ಎಂದು ಬರ್ನೀಟಾಳಿಗೆ ನಿಧಾನವಾಗಿ ತಿಳಿಯಿತು. ತಂಡದಲ್ಲಿ ಷಾರ್ಲೀನಳಿಗೆ ಇದ್ದ ಗೆಳತಿ ಒಬ್ಬಳೇ.

ಫೈನಲ್ ಬಂತು. ಅವತ್ತು, ನಿಜದಲ್ಲಿ, ಎದುರು ತಂಡದವಳ ಬೆರಳು ಸಿಕ್ಕಿ ಷಾರ್ಲೀನಳ ನೂಲು ಹರಿದು ಹೋಗಿತ್ತು. ಕೂದಲು ಸೊಂಟದವರೆಗೆ ಸುರಿಯಿತು. ಕೋಚ್ ಆಟ ನಿಲ್ಲಿಸುವಂತೆ ಕೇಳಿದ. ಷಾರ್ಲೀನ್ ನಡುಗುತ್ತಿದ್ದಳು, ನನ್ನ ಯೋಚನೆಯೆಲ್ಲ ಹೋಯ್ತು, ನನ್ನ ಯೋಚನೆಯೆಲ್ಲ ಹೋಯ್ತು ಎನ್ನುತ್ತಿದ್ದಳು. ಬರ್ನೀಟಾ ತನ್ನ ತುರುಬಿನ ನೂಲನ್ನು ಬಿಚ್ಚಿದಳು. ಬೆಳಗ್ಗೆ ಅವ್ವ ಕಟ್ಟಿದ ನೂಲು, ಅವ್ವನೇ ಉಣ್ಣೆ ಕತ್ತರಿಸಿ ನೂತದ್ದು. ಷಾರ್ಲೀನಳನ್ನು ನೆಲದ ಮೇಲೆ ಕೂರಿಸಿ, ಮೊಣಕಾಲಲ್ಲಿ ನಿಂತು, ಕೂದಲು ಮಡಚಿ ಬಿಗಿದಳು. ಎದ್ದಾಗ ಬರ್ನೀಟಾಳದೇ ಕೂದಲು ಕಣ್ಣಿನ ಮೇಲೆ ಬೀಳುತ್ತಿತ್ತು. ಕೋಚ್ ನೋಡಿದ, ನಮ್ಮವರು ಬೆರಳಿನ ಬದಲು ತುಟಿಯಿಂದ ತೋರಿಸುವ ಹಾಗೆ ತುಟಿ ಚಾಚಿ ಬೆಂಚು ತೋರಿಸಿದ. ಅಷ್ಟೇ. ಉಳಿದ ಆಟವನ್ನು ಅವಳು ಅಲ್ಲಿಂದ ನೋಡಿದಳು. ಷಾರ್ಲೀನ್ ಕೊನೆಯ ಚೆಂಡನ್ನು ಎಸೆದಾಗ, ಅದು ಗಾಳಿಯಲ್ಲಿದ್ದಷ್ಟು ಹೊತ್ತು, ಬರ್ನೀಟಾ ಒಂದು ಮಾತು ಬೇಡಿಕೊಂಡಿದ್ದಳು: ಬೀಳದಿರಲಿ. ಚೆಂಡು ಬಿತ್ತು. ಎಲ್ಲರೂ ಎದ್ದರು. ಅವಳು ಏಳುವುದು ಕೊಂಚ ತಡವಾಯಿತು. ಆ ತಡ ಯಾರಿಗೂ ಕಂಡಿಲ್ಲ, ಅವಳಿಗೆ ಮಾತ್ರ ಇವತ್ತಿಗೂ ಕಾಣುತ್ತದೆ. ಆಮೇಲಿನ ಅವಳ ಬದುಕೆಲ್ಲ ಅಷ್ಟೇ ತಡವಾಗಿ ನಡೆದಂತೆ ಅನ್ನಿಸುತ್ತದೆ. ತೆರೆಯ ಮೇಲೆ ಈಗ ಕೂದಲು ಬಿಚ್ಚಿ ಅಳುತ್ತ ಕೂತದ್ದು ಕಪ್ಪು ಹುಡುಗಿ. ಕೆನಡಾದ ಚೆಲುವೆ ಮೊಣಕಾಲೂರಿ ತನ್ನ ನೂಲನ್ನು ಬಿಚ್ಚಿ ಅವಳ ತುರುಬು ಕಟ್ಟಿದಳು. “ಇನ್ನು ನೀನೂ ನಮ್ಮವಳು,” ಎಂದಳು. ಪಿಟೀಲು ಮೊಳಗಿತು. ಕಟ್ಟಿದವಳ ಕೂದಲು ಹೇಗೋ ಬಿಚ್ಚಲೂ ಇಲ್ಲ, ಅವಳೇ ಹೋಗಿ ಕೊನೆಯ ಚೆಂಡನ್ನೂ ಹಾಕಿದಳು. ಸುತ್ತ ಎಲ್ಲರೂ ಅಳುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ಅವಳ ಬಾಯೊಳಗಿನ ತುತ್ತನ್ನೇ ತೆಗೆದು ಷಾರ್ಲೀನಳ ತಟ್ಟೆಗೆ ಬಡಿಸಿದ್ದರು. ಆ ಅಳುವಿನ ನಡುವೆ ಅವ್ವ ನಮ್ಮ ಮಾತಿನಲ್ಲಿ, ಕಿವಿ ಕೇಳದವರ ಜೋರಿನಲ್ಲಿ ಹೇಳಿದಳು: “ಆ ನೂಲು ನಂದು! ಕಟ್ಟಿದ್ದು ನೀನಲ್ವೇನೇ?” ಜನ ತಿರುಗಿ ನೋಡಿದರು. “ಶ್” ಎಂದರು ಯಾರೋ. ಬರ್ನೀಟಾ ಅವ್ವನ ಕೈಯನ್ನು ಅದುಮಿ ಹಿಡಿದಳು. ಮುಂದಿನ ಸಾಲಿನಲ್ಲೇ ಎರಡು ಕುರ್ಚಿಯಾಚೆ ಷಾರ್ಲೀನ್ ತೆರೆಯನ್ನೇ ನೋಡುತ್ತಿದ್ದಳು, ತಿರುಗಲಿಲ್ಲ. ತಿರುಗುವುದಕ್ಕೆ ಮುಖವಿದ್ದರೆ ತಾನೇ, ಎಂದುಕೊಂಡಳು ಬರ್ನೀಟಾ.

ದೀಪ ಹತ್ತಿದ ಮೇಲೆ ಆ ಕಪ್ಪು ಹುಡುಗಿಯೇ ಮೈಕಿನ ಮುಂದೆ ಬಂದು ನಿಂತಳು. ಹೆಸರು ಇಮಾನಿ, ಸಿನಿಮಾದಲ್ಲಿ ಕಂಡದ್ದಕ್ಕಿಂತ ಗಿಡ್ಡ, ತಲೆಯ ತುಂಬ ಗುಂಗುರು ಕೂದಲು. ನಮ್ಮ ಪದ್ಧತಿಯಂತೆ ಮೊದಲು ತನ್ನ ಬಳಿ ಹೇಳಿದಳು, ತಡವರಿಸಿ, ಬೆರಳು ಮಡಚಿ, ಪಾಠ ಒಪ್ಪಿಸುವ ಹಾಗೆ. ಅವಳ ಅಮ್ಮನ ಅಮ್ಮ ಇಲ್ಲಿ ಹುಟ್ಟಿದವಳು, ಕೂಸಾಗಿದ್ದಾಗಲೇ ಕ್ಯಾಲಿಫೋರ್ನಿಯಾದವರಿಗೆ ದತ್ತು ಹೋದವಳು; ಅವಳ ಬಳಿಯ ಹೆಸರು ಕಹಿನೀರು. ಅಂದರೆ ಇಮಾನಿಯದೂ ಅದೇ. ಬರ್ನೀಟಾಳದೂ ಅದೇ. ಅವ್ವನ ಮಂಜುಗಣ್ಣು ಹೊಳೆಯಿತು. “ಅಯ್ಯೋ, ನಮ್ಮ ಮೊಮ್ಮಗಳು! ಕಳೆದುಹೋದ ಕುರಿ ಮನೆಗೆ ಬಂತಲ್ಲೇ! ಕರಿ ಅವಳನ್ನ, ಕರಿ.” ಬರ್ನೀಟಾ ಕರೆಯುವ ಮೊದಲೇ ಕೋಲಿನಿಂದ ಜನರನ್ನು ಸರಿಸಿಕೊಂಡು ಅವ್ವನೇ ಹೋಗಿ ಹುಡುಗಿಯ ಕೈ ಹಿಡಿದು ತಂದಳು. ತನ್ನ ಕುರ್ಚಿಯ ಪಕ್ಕ, ಬರ್ನೀಟಾಳ ಕುರ್ಚಿಯಲ್ಲಿ, ಕೂರಿಸಿ ತಲೆ ಸವರಿದಳು. “ಇವಳು ನಿಂಗೆ ಚಿಕ್ಕವ್ವ ಆಗ್ಬೇಕು,” ಎಂದು ನಿಂತಿದ್ದ ಬರ್ನೀಟಾಳನ್ನು ತುಟಿಯಿಂದ ತೋರಿಸಿದಳು. ಬರ್ನೀಟಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ಈ ಊರಲ್ಲಿ ನಲವತ್ತೇಳು ವರ್ಷ ಸವೆಸಿದವಳ ತಲೆಯನ್ನು ಅವ್ವ ಹೀಗೆ ಸವರಿದ್ದು ಯಾವಾಗ? ತನ್ನ ಪಾತ್ರ, ತನ್ನ ಕುರ್ಚಿ, ತನ್ನ ಅವ್ವ. ಒಂದೇ ಮಧ್ಯಾಹ್ನದಲ್ಲಿ ಎಲ್ಲವೂ ಈ ಗುಂಗುರು ಕೂದಲಿನವಳದಾಯಿತು. ಆದರೂ ಹೋಗಿ ಅವಳಿಗೆ ಬಟ್ಟಲಲ್ಲಿ ಕುರಿಮಾಂಸದ ಸಾರು, ಮೇಲೊಂದು ಕರಿದ ರೊಟ್ಟಿ ತಂದುಕೊಟ್ಟಳು. ಬಳಿಯ ಹುಡುಗಿ ಹಸಿದು ಹೋಗಬಾರದು. ಹೊಟ್ಟೆಕಿಚ್ಚು ಎಷ್ಟಿದ್ದರೂ ಅದಕ್ಕೂ ಒಂದು ಮಿತಿ.

“ನಿಮ್ಮನ್ನೊಂದು ಕೇಳ್ಬೇಕು,” ಎಂದಳು ಇಮಾನಿ, ಬಟ್ಟಲು ತೊಡೆಯ ಮೇಲಿಟ್ಟುಕೊಂಡು. “ಆ ತುರುಬಿನ ಸೀನ್ ಇದೆಯಲ್ಲ, ಅದು ನಿಜವಾಗ್ಲೂ ನಡೆದಿತ್ತಾ? ಯಾರು ಕಟ್ಟಿದ್ದು?” ಬರ್ನೀಟಾ ರೊಟ್ಟಿಯನ್ನು ಅವಳ ಕಡೆ ಸರಿಸಿದಳು. “ಯಾರಿಗ್ಗೊತ್ತಮ್ಮ. ಎಲ್ಲ ಹಳೇ ಮಾತು.” ಅವ್ವ ಸುಮ್ಮನೆ ಹುಡುಗಿಯ ಕೈ ಸವರುತ್ತಿದ್ದಳು, ಅವ್ವನಿಗೆ ಇಂಗ್ಲಿಷು ಅರ್ಥವಾಗುವುದು ತನಗೆ ಬೇಕಾದಾಗ ಮಾತ್ರ. ಹುಡುಗಿ ರೊಟ್ಟಿ ಮುರಿದಳು. “ಡೈರೆಕ್ಟರು ಎಲ್ಲಾ ಕಲ್ಪನೆ ಅಂದ್ರು. ಆದ್ರೆ ನಂಗೆ ಹಾಗನ್ನಿಸ್ಲಿಲ್ಲ. ಅಷ್ಟು ಚಿಕ್ಕ ವಿಷಯಾನ ಯಾರೂ ಸುಮ್ನೆ ಹುಟ್ಟಿಸಲ್ಲ. ಯಾರೋ ಕಟ್ಟಿರ್ಲೇಬೇಕು. ಯಾರು?” “ಆವಾಗ ಎಲ್ಲರೂ ಎಲ್ಲರಿಗೂ ಕಟ್ತಿದ್ರು,” ಎಂದಳು ಬರ್ನೀಟಾ. ಅವಳ ಕಣ್ಣು ಹುಡುಗಿಯ ಬಾಯಿಯನ್ನೇ ನೋಡುತ್ತಿತ್ತು. ಮತ್ತೆ ಕೇಳು ಮಗಳೇ. ಇಮಾನಿ ಸಾರು ಕುಡಿದಳು, ಒಂದಿಷ್ಟು ಹೊತ್ತು ಸುಮ್ಮನಿದ್ದಳು. ಆ ಸುಮ್ಮನಿರುವುದು ನಮ್ಮವರ ಸುಮ್ಮನಿರುವಿಕೆಯಂತೆಯೇ ಇತ್ತು. ಆಮೇಲೆ ಮೆಲ್ಲಗೆ, “ನೀವಾ, ಚಿಕ್ಕವ್ವ?” ಎಂದಳು. “ಸಾರು ಆರ್ತದೆ. ತಿನ್ನು,” ಎಂದಳು ಬರ್ನೀಟಾ. ಮೂರಾಯಿತು. ಇನ್ನೊಂದು, ಒಂದೇ ಒಂದು. ನಾಲಗೆಯ ತುದಿಗೆ ಮಾತು ಬಂದು ನಿಂತಿತ್ತು. ಅಷ್ಟರಲ್ಲಿ ಕೆಲ್ಸಿ ಬಂದು, “ಇಮಾನಿ, ಫೋಟೋಗೆ ಕರೀತಿದಾರೆ, ಆಮೇಲೆ ನೇರ ವ್ಯಾನಿಗೆ, ಲೇಟಾಯ್ತು,” ಎಂದು ಅವಳನ್ನು ಎಬ್ಬಿಸಿಕೊಂಡು ಹೋದಳು. ಅರ್ಧ ರೊಟ್ಟಿ ಬಟ್ಟಲಲ್ಲೇ ಉಳಿಯಿತು.

ಬರ್ನೀಟಾ ಕುರ್ಚಿಯಲ್ಲಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಜನ ಎದ್ದು ಹೋಗುತ್ತಿದ್ದರು, ಷಾರ್ಲೀನಳ ಕೈ ಕುಲುಕುತ್ತಿದ್ದರು, ನೀನು ನಿನ್ನ ನೂಲನ್ನೇ ಕೊಟ್ಟೆಯಲ್ಲೇ ತಾಯಿ ಎಂದು ಒಬ್ಬ ಮುದುಕಿ ಅವಳ ಗಲ್ಲ ಮುಟ್ಟುತ್ತಿದ್ದಳು. ಇನ್ನು ಇದೇ ನಿಜ. ಮಕ್ಕಳು ಇದನ್ನೇ ನೋಡಿ ಬೆಳೆಯುತ್ತವೆ, ಕಪಾಟಿನ ಮುಂದೆ ನಿಂತು ಇದನ್ನೇ ಹೇಳುತ್ತವೆ. ಇದ್ದಕ್ಕಿದ್ದಂತೆ ಅವಳು ಎದ್ದಳು. ಊಟದ ಮೇಜಿನಿಂದ ನಾಲ್ಕಾರು ಕರಿದ ರೊಟ್ಟಿ ಎತ್ತಿಕೊಂಡು, ಬೆಳ್ಳಿ ಕಾಗದದಲ್ಲಿ ಸುತ್ತಿ, ಹೊರಬಾಗಿಲ ಕಡೆ ನಡೆದಳು. ನಡಿಗೆ ಓಟವಾಯಿತು. ಐವತ್ತರ ಹತ್ತಿರದ ಹೆಂಗಸು, ಒಂದು ಪ್ರಶ್ನೆಗಾಗಿ ರೊಟ್ಟಿ ಹಿಡಿದುಕೊಂಡು ವ್ಯಾನಿನ ಹಿಂದೆ ಓಡುವುದು. ಲೀರಾಯ್ ನೋಡಿದರೆ ಮೈಕಿನಲ್ಲೇ ಕೂಗುತ್ತಾನೆ. ನೋಡಲಿ. ಹೊರಗೆ ಸಂಜೆ ಬಿಸಿಲು ಬಂಡೆಗಳ ಮೇಲಿಂದ ಅಡ್ಡಡ್ಡಲಾಗಿ ಬೀಳುತ್ತಿತ್ತು. ವ್ಯಾನಿನ ಬಾಗಿಲು ಇನ್ನೂ ತೆರೆದಿತ್ತು. ಒಳಗೆ ಇಮಾನಿ, ಅವಳ ಪಕ್ಕ ಷಾರ್ಲೀನ್. ಮುಂದಿನ ಊರಿನ ಪ್ರದರ್ಶನಕ್ಕೂ ಹೀಗೆಯೇ ಅಲಂಕರಿಸಿಕೊಂಡು ಅವಳು ಹೋಗಬೇಕು. ಕೆಲ್ಸಿ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಳು.

“ದಾರೀಲಿ ತಿನ್ನೋಕ್ಕೆ,” ಎಂದು ಬರ್ನೀಟಾ ಪೊಟ್ಟಣ ಚಾಚಿದಳು, ಏದುಸಿರು ಬಿಡುತ್ತ. ಇಮಾನಿ ಎರಡೂ ಕೈಯಲ್ಲಿ ತೆಗೆದುಕೊಂಡು ಥ್ಯಾಂಕ್ಸ್ ಎಂದಳು. ಮತ್ತೆ ಥ್ಯಾಂಕ್ಸ್. ಬರ್ನೀಟಾ ಅಲ್ಲಿಯೇ ನಿಂತಳು. ಹೋಗಲು ಕಾರಣವಿತ್ತು, ನಿಲ್ಲಲು ಇರಲಿಲ್ಲ; ಆದರೂ ನಿಂತಳು. ಷಾರ್ಲೀನ್ ಪೊಟ್ಟಣ ನೋಡಿದಳು, ಬರ್ನೀಟಾಳ ಮುಖ ನೋಡಿದಳು. “ಇವಳನ್ನ ನೀನೇನೋ ಕೇಳ್ತಿದ್ಯಲ್ಲ ಆಗ?” ಎಂದು ಇಮಾನಿಯ ಕಡೆ ತಿರುಗಿದಳು. “ತುರುಬು ಯಾರು ಕಟ್ಟಿದ್ದು ಅಂತ,” ಎಂದಳು ಇಮಾನಿ. “ಎಷ್ಟು ಸಲ ಕೇಳ್ದೆ?” “ಮೂರು ಸಲ ಇರ್ಬೇಕು. ಯಾಕೆ?” ಷಾರ್ಲೀನ್ ವ್ಯಾನಿನಿಂದ ಇಳಿದು ಬರ್ನೀಟಾಳ ಎದುರು ಬಂದು ನಿಂತಳು. ನಮ್ಮ ಮಾತಿನಲ್ಲಿ, ತಮಾಷೆಯಿಲ್ಲದೆ ಕೇಳಿದಳು: “ಹೇಳೇ. ಯಾರು ಕಟ್ಟಿದ್ದು?”

“ನಾನು,” ಎಂದಳು ಬರ್ನೀಟಾ. ಇಷ್ಟು ವರ್ಷ ಜೋಡಿಸಿಟ್ಟಿದ್ದ ಕಥೆಯಲ್ಲಿ ಅಷ್ಟೇ ಹೊರಬಂದದ್ದು. “ನನ್ನ ನೂಲು ಬಿಚ್ಚಿ.” “ಹೂಂ. ನಾನೂ ಅವರಿಗೆ ಹಾಗೇ ಹೇಳ್ದೆ,” ಎಂದಳು ಷಾರ್ಲೀನ್. “ಕೋಚ್ ನಿನ್ನ ಬೆಂಚಿಗೆ ಕೂರಿಸಿದ್ದೂ ಹೇಳ್ದೆ. ನಾಯಕಿ ಕೂತ್ಕೊಂಡು ಕಟ್ಟಿಸ್ಕೊಂಡ್ರೆ ಚೆನ್ನಾಗಿರಲ್ಲ ಅಂತೇನೋ ಅವರೇ ತಿರುಗಿಸಿ ಹಾಕ್ಕೊಂಡ್ರು. ಇವತ್ತು ನೋಡಿದಾಗ್ಲೇ ನಂಗೂ ಗೊತ್ತಾಗಿದ್ದು. ಸತ್ತುಹೋಗೋಣ ಅನ್ನಿಸ್ತು.” “ಮತ್ತೆ ಇಷ್ಟು ದಿನ ನಂಗ್ಯಾಕೆ ಹೇಳ್ಲಿಲ್ಲ, ಅವರಿಗೆ ಹೀಗೆ ಹೇಳಿದೀನಿ ಅಂತ?” “ನೀನು ಕೇಳಿದ್ಯಾ?” ಎಂದಳು ಷಾರ್ಲೀನ್. “ಒಂದು ಸಲ?” ಬರ್ನೀಟಾ ಲೆಕ್ಕ ಹಾಕಿದಳು. ಕೇಳಿರಲಿಲ್ಲ. ಇಷ್ಟು ದಿನ ನೀರು ಗೊಬ್ಬರ ಹಾಕಿ ಬೆಳೆಸಿದ ಹೊಟ್ಟೆಕಿಚ್ಚನ್ನು ಇನ್ನು ಯಾರ ಮನೆ ಬಾಗಿಲಲ್ಲಿ ಇಳಿಸಬೇಕು? ಷಾರ್ಲೀನ್ ಕಳ್ಳಿಯಲ್ಲ. ಅದು ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ. ಕಪ್ ಅವಳದು, ಫೋಟೋ ಅವಳದು, ಸಿನಿಮಾ ಅವಳದು, ಈಗ ಒಳ್ಳೆಯತನವೂ ಅವಳದೇ. ತನಗೆ ಒಂದು ಸಿಟ್ಟನ್ನೂ ಬಿಡಲಿಲ್ಲವಲ್ಲ ಎಂದು ಬರ್ನೀಟಾಳಿಗೆ ಅಳು ಬಂತು.

“ಏನಂದ್ರು? ಏನಂದ್ರು?” ಎಂದು ಇಮಾನಿ ಷಾರ್ಲೀನಳ ತೋಳು ಹಿಡಿದು ಅಲ್ಲಾಡಿಸಿದಳು. ಹೇಳಿದಾಗ ಅವಳ ಮುಖ ಅರಳಿತು. ಅದು ನಟನೆಯಾಗಿದ್ದರೆ ಆ ಹುಡುಗಿ ನಿಜಕ್ಕೂ ದೊಡ್ಡ ನಟಿ. ವ್ಯಾನಿನಿಂದ ಜಿಗಿದು, ಕಾರು ನಿಲ್ಲಿಸುವ ಜಾಗದ ಸಿಮೆಂಟಿನ ದಿಂಡಿನ ಮೇಲೆ ಬೆನ್ನು ಹಾಕಿ ಕೂತಳು. “ಹಾಗಾದ್ರೆ ನಂಗೂ ಕಟ್ಟಿ ಚಿಕ್ಕವ್ವ. ಷೂಟಿಂಗಲ್ಲಿ ನಂಗೆ ವಿಗ್ ಹಾಕಿದ್ರು. ನನ್ನ ಕೂದಲಿಗೆ ತುರುಬು ನಿಲ್ಲಲ್ಲ ಅಂದ್ರು.” ಬರ್ನೀಟಾ ಆ ಕೂದಲನ್ನು ನೋಡಿದಳು. ಹಾಗಾದರೆ ತೆರೆಯ ಮೇಲೆ ಕೂತಿದ್ದವಳ ಕೂದಲೂ ಅವಳದಲ್ಲ. ಬೆರಳು ಹಾಕಿದಳು; ಗುಂಗುರು ಬಿಡಿಸಿಕೊಳ್ಳದೆ ಬೆರಳನ್ನೇ ಹಿಡಿದುಕೊಂಡಿತು. ನೂಲು ಬೇಕು. ಬೇರೆ ನೂಲು ಇರಲಿಲ್ಲ. ತನ್ನ ವಾಲಿದ ತುರುಬಿಗೆ ಕೈ ಹಾಕಿ ಎಳೆದಳು, ನರೆತ ಕೂದಲು ಹೆಗಲ ಮೇಲೆ ಸುರಿಯಿತು. ಮುಂಗುರುಳನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಹುಡುಗಿಯ ಕೂದಲನ್ನು ಹಿಂದಕ್ಕೆ ತಂದು ಒತ್ತಿ, ಮಡಚಿ, ನೂಲು ಸುತ್ತಲು ಶುರುಮಾಡಿದಳು. “ಅಲ್ಲಾಡ್ಬೇಡ.” “ಇಲ್ಲ.” ಷಾರ್ಲೀನ್ ಕೈ ಕಟ್ಟಿ ನೋಡುತ್ತಿದ್ದಳು, ಒಮ್ಮೆ ಸಹಾಯಕ್ಕೆ ಮುಂದೆ ಬಂದಳು, ಬರ್ನೀಟಾ ಮೊಣಕೈಯಿಂದ ತಡೆದಳು.

ಕೆಲ್ಸಿ ಓಡಿಬಂದಳು. “ಅಯ್ಯೋ, ಎಷ್ಟು ಚೆನ್ನಾಗಿದೆ! ಹಾಗೇ ಇರಿ, ಹಾಗೇ ಇರಿ, ಇದನ್ನ ನೆಟ್ಟಲ್ಲಿ ಹಾಕ್ಬೇಕು,” ಎನ್ನುತ್ತ ಫೋನನ್ನು ಎದುರು ಹಿಡಿದಳು. ಇಮಾನಿಯ ಮುಖಕ್ಕೆ ಹಿಡಿದಳು, ಹಿಂದೆ ಸರಿದಳು, ಪಕ್ಕಕ್ಕೆ ಬಂದಳು. ಬಿಸಿಲು ಬರ್ನೀಟಾಳ ಬೆನ್ನಿಗಿತ್ತು. “ಅಮ್ಮಾ, ಒಂಚೂರು ಆ ಕಡೆ ಸರೀತೀರಾ? ನಿಮ್ಮ ನೆರಳು ಬಿದ್ದು ಅವಳ ಮುಖ ಕಾಣ್ತಿಲ್ಲ.” ಬರ್ನೀಟಾ ಮುಖ ಎತ್ತಿ ನೇರವಾಗಿ ಫೋನನ್ನು ನೋಡಿದಳು. ಕೂದಲು ಕಣ್ಣಿನ ಮೇಲೆ ಬೀಳುತ್ತಿರಲಿಲ್ಲ. “ಅಮ್ಮಾ, ಪ್ಲೀಸ್, ಸ್ವಲ್ಪ ಸರೀತೀರಾ?” ಎಂದು ಕೆಲ್ಸಿ ಇನ್ನೊಮ್ಮೆ ಕೇಳಿದಳು. ಇನ್ನೂ ಎರಡು ಸಲ ಕೇಳಲಿ ಎಂದುಕೊಂಡು, ಬರ್ನೀಟಾ ನಿಂತಲ್ಲೇ ನಿಂತು ಗಂಟು ಬಿಗಿದಳು.